ಹಯಾತ್ ಸಾಬರು ಕುದಿಸಿದ ಹಾಲು

ಮನೆಮಂದಿಗೆಲ್ಲ ಉಣಿಸುವವರೇ ಉಣ್ಣಲಾರದೆ ಕೂತರೆ ಆ ಮನೆಯ ಪಾಡೇನು ಎಂದು ಬೇರೆ ಹೇಳಬೇಕೆ? ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹಿಂದಿನ ಓಣಿಯಲ್ಲಿ, ಹಯಾತ್ ಸಾಬರ ಮನೆಯಲ್ಲಿ ಈ ಬೇಸಿಗೆ ಆಗಿದ್ದೂ ಅದೇ. ಸಾಬರ ಹೆಂಡತಿ ಮೆಹರ್ ಬಾನು ಅವರ ಅಂಗಾಲಿಗೆ ಮೊಳೆ ಚುಚ್ಚಿ ಕೀವಾಗಿತ್ತು. ಡಾಕ್ಟರು ಕೊಟ್ಟ ಆಂಟಿಬಯಾಟಿಕ್ ಗುಳಿಗೆಗಳನ್ನು ಪೂರಾ ನುಂಗಿದ ಮೇಲೆ ಕಾಲು ವಾಸಿಯಾಯಿತು, ಹೊಟ್ಟೆ ಮಾತ್ರ ಕೈಕೊಟ್ಟಿತು. ಒಂದು ತುತ್ತು ಅನ್ನ ಒಳಗೆ ಹೋದರೂ ಗುಡುಗುಡು ಸದ್ದು, ಆಮೇಲೆ ಓಟ. ಹೊಸಿಲು ದಾಟಿ ಹೊರಗೆ ಹೋಗಬೇಕೆಂದರೆ ಎದೆ ಹೊಡೆದುಕೊಳ್ಳುತ್ತಿತ್ತು. ಮೈ ಇಳಿದು, ಮುಂಗೈಯ ಬಳೆ ಮೊಣಕೈವರೆಗೆ ಜಾರುವಂತಾಗಿತ್ತು.

ಇದೇ ಹೊತ್ತಿಗೆ ಹರಿಹರದಲ್ಲಿ ಅವರ ಮಗಳು ನುಜತ್ ತುಂಬಿದ ಬಸುರಿ. ಚೊಚ್ಚಲ ಹೆರಿಗೆ. ತವರಿಗೆ ಕರೆತಂದು ಬಾಣಂತನ ಮಾಡಬೇಕು. ಅಳಿಯ ಮುಜಾಹಿದ್ ಒಳ್ಳೆಯ ಹುಡುಗ, ಬೀಗರೂ ಒಳ್ಳೆಯವರೇ. “ನಿಮ್ ಮೈಯಾಗೇ ಹುಷಾರಿಲ್ಲ, ಬಾಣಂತನ ಇಲ್ಲೇ ಆಗ್ಲಿ ಬಿಡ್ರಿ” ಎಂದು ಫೋನಿನಲ್ಲಿ ಪ್ರೀತಿಯಿಂದಲೇ ಹೇಳಿದ್ದರು. ಆ ಪ್ರೀತಿಯ ಮಾತೇ ಮೆಹರ್ ಬಾನು ಅವರಿಗೆ ಮುಳ್ಳಾಗಿ ಚುಚ್ಚಿತು. ಫೋನ್ ಇಟ್ಟವರು ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು.

“ಇರೋಳು ಒಬ್ಳೇ ಮಗಳು. ಅವಳಿಗೆ ಎಣ್ಣೆ ಹಚ್ಚಿ ನೀರು ಹಾಕೋಕೂ ನನ್ ಕೈಲಿ ಆಗಂಗಿಲ್ಲ ಅಂದ್ರೆ ನಾನೆಂಥ ತಾಯಿ ಹೇಳ್ರಿ” ಎಂದರು.

ಹೆಂಡತಿ ಅತ್ತರೆ ಎದ್ದು ಹೊರಗೆ ಹೋಗುವುದು ಹಯಾತ್ ಸಾಬರ ಸ್ವಭಾವ. ಅಂದು ಮಾತ್ರ ಹೋಗಲಿಲ್ಲ. ಪಕ್ಕದಲ್ಲೇ ಕೂತರು.

ಮರುದಿನ ಆಟೋದಲ್ಲಿ ಮತ್ತೆ ಡಾಕ್ಟರ ಬಳಿಗೆ ಕರೆದೊಯ್ದರು. ಡಾಕ್ಟರು ಪರೀಕ್ಷೆ ಮಾಡಿಸಿ ನೋಡಿದರು. “ಹೆದರುವಂಥದ್ದೇನೂ ಇಲ್ಲ. ಆ ಗುಳಿಗೆ ತಗೊಂಡವರಲ್ಲಿ ಕೆಲವರಿಗೆ ಹೀಗಾಗುತ್ತದೆ. ಓಆರ್‌ಎಸ್ ನೀರು ಕುಡೀರಿ, ಮೆತ್ತಗಿನ ಅನ್ನ ಉಣ್ಣಿ, ಪ್ರೊಬಯಾಟಿಕ್ ಹಾಲು ಅಂತ ಬರುತ್ತೆ, ಅದನ್ನ ಮೊದಲು ಸ್ವಲ್ಪ, ಆಮೇಲೆ ದಿನಾ ಒಂದು ಲೋಟ ತಗೊಂಡು ನೋಡಿ” ಎಂದರು. ಹೊರಗೆ ಜನ ಸಾಲುಗಟ್ಟಿದ್ದರು. ಇನ್ನೂ ಕೇಳಬೇಕೆಂದುಕೊಂಡದ್ದನ್ನು ಕೇಳದೆ ಸಾಬರು ಎದ್ದು ಬಂದರು. ಅವರ ಕಿವಿಯಲ್ಲಿ ಉಳಿದದ್ದು ‘ಹಾಲು’ ಒಂದೇ.

ಹಾಲು ಎಂದರೆ ಹಯಾತ್ ಸಾಬರಿಗೆ ಕುದಿಸಿದ ಹಾಲು. ಬೇರೆ ಹಾಲು ಹಾಲೇ ಅಲ್ಲ.

ಯಾಕೆಂದರೆ ಸಾಬರು ಉರಿಯನ್ನು ನಂಬಿ ಬದುಕಿದವರು. ಮೀಸೆ ಚಿಗುರುವ ಮೊದಲೇ ಮಂಡಕ್ಕಿ ಭಟ್ಟಿಗೆ ಇಳಿದು, ಕಾದ ಮರಳಲ್ಲಿ ಅಕ್ಕಿ ಹುರಿದು ಹುರಿದು ಈಗ ಮೇಸ್ತ್ರಿಯಾಗಿದ್ದಾರೆ. ಮರಳಿನ ಮೇಲೆ ಅಂಗೈ ಹಿಡಿದು ಕಾವು ಹೇಳಬಲ್ಲರು. ಉರಿ ಕಂಡದ್ದು ಚೊಕ್ಕ, ಕಾಣದ್ದು ಕೊಳಕು, ಇದು ಅವರ ಲೆಕ್ಕ. ಆ ಲೆಕ್ಕದ ಹಿಂದೆ ಒಂದು ನೋವೂ ಇತ್ತು. ಅವರ ಬಾಲ್ಯ ಕಳೆದದ್ದು ಮಲೆಬೆನ್ನೂರಿನಲ್ಲಿ. ಅಲ್ಲಿ ಅವರ ಪುಟ್ಟ ತಂಗಿ ಯಾರದೋ ಹಿತ್ತಿಲಲ್ಲಿ ಆಗಷ್ಟೇ ಕರೆದ ಹಸಿ ಹಾಲು ಕುಡಿದು ಬಂದಳು, ಜ್ವರ ಹಿಡಿದು ಮಲಗಿದಳು, ಮತ್ತೆ ಏಳಲಿಲ್ಲ. ಹಸಿ ಹಾಲಿನಿಂದಲೇ ಹೀಗಾಯಿತು ಎಂದು ಡಾಕ್ಟರು ಹೇಳಿದ್ದರಂತೆ. ಅಂದಿನಿಂದ ಅವರ ತಾಯಿ ಉಕ್ಕಿಸದ ಹಾಲನ್ನು ಮನೆಯಲ್ಲಿ ಯಾರ ಬಾಯಿಗೂ ಮುಟ್ಟಿಸಲಿಲ್ಲ. ಸಾಬರೂ ಮುಟ್ಟಿಸಲಿಲ್ಲ.

ಹಾಗಾಗಿ ಏನಾಯಿತು ನೋಡಿ. ಹಾಲಿನ ಅಂಗಡಿಯ ಮಾಲತೇಶಪ್ಪ ಡಾಕ್ಟರ ಚೀಟಿ ನೋಡಿ, ಫ್ರಿಡ್ಜಿನಿಂದ ಪಾಕೀಟು ತೆಗೆದುಕೊಡುತ್ತಾ, “ಸಾಬ್ರೆ, ಇದು ನೀವು ದಿನಾ ಒಯ್ಯೋ ಹಾಲಲ್ಲ. ಮೇಲೆ ಬರ್ದಾರೆ, ಓದ್ಕಳ್ರಿ” ಎಂದ. ಕನ್ನಡಕ ಮನೆಯಲ್ಲಿತ್ತು. “ಹಾಲಿನ ಮ್ಯಾಲೆ ಏನು ಓದೋದೋ ಮಾರಾಯ, ಕುಡಿಯೋದು” ಎಂದು ಸಾಬರು ನಕ್ಕು ಹೊರಟರು.

ಹೊರಟವರು ಮನೆಗೆ ಹೋಗಲಿಲ್ಲ, ಭಟ್ಟಿಗೆ ಹೋದರು. ಗ್ಯಾಸಿನ ಉರಿ ಅವರ ಕಣ್ಣಿಗೆ ಉರಿಯೇ ಅಲ್ಲ. ಕಾಯಿಲೆಯ ಹೆಂಡತಿಗೆ ಅರೆಬೆಂದ ಹಾಲು ಕೊಡುವುದೇ? ಪಾಕೀಟು ಒಡೆದು ಪಾತ್ರೆಗೆ ಸುರುವಿ, ಭಟ್ಟಿಯ ಬಾಯಿಗೆ ಕೆಂಡ ಎಳೆದು, ಅದರ ಮೇಲಿಟ್ಟು ಉಕ್ಕಿಸಿದರು. ಇಳಿಸಿ ಮತ್ತೆ ಉಕ್ಕಿಸಿದರು. ಮೇಲೆ ದಪ್ಪ ಕೆನೆ ಕಟ್ಟಿದ ಮೇಲೆಯೇ ಅವರಿಗೆ ಸಮಾಧಾನ. ಪಾತ್ರೆಗೆ ಟವೆಲ್ ಸುತ್ತಿ, ಒಂದು ಹನಿ ಚೆಲ್ಲದಂತೆ ಮನೆಗೆ ಒಯ್ದರು. ದಿನಾ ಹೀಗೆಯೇ ನಡೆಯಿತು. ಹೆಂಡತಿಗೆ ಇಷ್ಟು ಅಕ್ಕರೆಯಿಂದ ಹಾಲು ಕಾಯಿಸಿದ ಗಂಡಸು ಆ ಓಣಿಯಲ್ಲಿ ಇನ್ನೊಬ್ಬನಿರಲಿಲ್ಲ. ಅಷ್ಟೇ ಅಕ್ಕರೆಯಿಂದ ಆ ಹಾಲಿನ ಗುಣವನ್ನು ಸುಟ್ಟುಹಾಕಿದವನೂ ಇನ್ನೊಬ್ಬನಿರಲಿಲ್ಲ.

ಮೆಹರ್ ಬಾನು ಅವರ ಹೊಟ್ಟೆ ಇದ್ದ ಹಾಗೇ ಇತ್ತು. ಹರಿಹರದಿಂದ ನುಜತ್ ದಿನವೂ ಫೋನು ಮಾಡಿ, “ಅಮ್ಮಿ, ಹೆಂಗಿದೀಯ? ನಾನು ಬರ್ಲೋ ಬ್ಯಾಡ್ವೋ?” ಎಂದು ಕೇಳುತ್ತಿದ್ದಳು. ತಾಯಿ ಮಾತು ಬೇರೆ ಕಡೆಗೆ ತಿರುಗಿಸುತ್ತಿದ್ದರು.

ಒಂದು ಬೆಳಿಗ್ಗೆ ಸಾಬರ ತಾಳ್ಮೆ ಕೆಟ್ಟಿತು. ಸೀದಾ ಮಾಲತೇಶಪ್ಪನ ಅಂಗಡಿಗೆ ಹೋಗಿ ದನಿ ಏರಿಸಿದರು.

“ಎಂಥ ಹಾಲು ಕೊಡ್ತೀಯೋ ನೀನು? ಇಷ್ಟು ದಿನ ಕುಡ್ಸೀನಿ, ಏನೂ ಫಾಯ್ದೆ ಇಲ್ಲ! ಬರೀ ಹೆಸರು ದೊಡ್ಡದು!”

“ಸಾಬ್ರೆ, ನನ್ ಮ್ಯಾಲೆ ಯಾಕ ಹಾರಾಡ್ತೀರಿ? ಡೇರಿಯಿಂದ ಬಂದಿದ್ನ ಹಂಗೇ ಫ್ರಿಡ್ಜಿನಾಗೆ ಇಟ್ಟು ಕೊಡ್ತೀನಿ” ಎಂದ ಮಾಲತೇಶಪ್ಪ.

ಅದೇ ಹೊತ್ತಿಗೆ ಹಾಲಿಗೆ ಬಂದಿದ್ದ ಪುಷ್ಪಲತಾ ಈ ಗಲಾಟೆ ಕೇಳಿ ಹತ್ತಿರ ಬಂದಳು. ಪುಷ್ಪಲತಾ ಅದೇ ಓಣಿಯ ಹುಡುಗಿ. ಸಾಬರ ಮನೆಯ ಜಗುಲಿ ಮೇಲೆ ಆಡಿ ಬೆಳೆದವಳು. ಈಗ ನಗರ ಆರೋಗ್ಯ ಕೇಂದ್ರದಲ್ಲಿ ನರ್ಸ್.

“ಚಾಚಾ, ಸಿಟ್ಟು ಆಮ್ಯಾಲೆ ಮಾಡ್ರಿ. ಚಾಚಿಗೆ ಈ ಹಾಲು ಹೆಂಗೆ ಕೊಡ್ತೀರಿ, ಅದನ್ನ ಹೇಳ್ರಿ ಮೊದ್ಲು.”

“ಹೆಂಗೆ ಅಂದ್ರೆ? ಮನೆ ಒಲೆ ಮ್ಯಾಲಲ್ಲ ತಾಯಿ, ಭಟ್ಟಿ ಕೆಂಡದ ಮ್ಯಾಲೆ! ಎರಡೆರಡು ಸಲ ಉಕ್ಕಿಸಿ, ಕೆನೆ ಕಟ್ಸಿ ಕೊಡ್ತೀನಿ” ಎಂದರು ಸಾಬರು, ಎದೆ ಉಬ್ಬಿಸಿ.

ಪುಷ್ಪಲತಾ ಹಣೆಗೆ ಕೈ ಹಚ್ಚಿಕೊಂಡಳು. “ಅಯ್ಯೋ ಚಾಚಾ! ಇದು ಕುದಿಸೋ ಹಾಲಲ್ಲ. ಇದ್ರಾಗೆ ಜೀವಂತ ಬ್ಯಾಕ್ಟೀರಿಯ ಅದಾವೆ. ಕುದಿಸಿದ್ರೆ ಎಲ್ಲ ಸತ್ತೋಗ್ತಾವೆ.”

ಸಾಬರ ಮುಖ ಕಪ್ಪಿಟ್ಟಿತು. “ಏನಂದೆ? ಹಾಲಿನಾಗೆ ಕ್ರಿಮಿ ಅದಾವಾ? ಬೇಕಂತ ಹಾಕ್ಯಾರಾ? ಅದನ್ನ ನನ್ ಹೆಂಡ್ತಿಗೆ ಹಸಿ ಹಸಿಯಾಗೇ ಕೊಡಬೇಕಾ?” ಎಂದವರೇ, ಕೈಯಲ್ಲಿದ್ದ ಪಾಕೀಟನ್ನು ಅಂಗಡಿಯ ಕಟ್ಟೆಯ ಮೇಲಿಟ್ಟು ಹೊರಟೇಬಿಟ್ಟರು. ಪುಷ್ಪಲತಾ ಕೂಗಿದರೂ ತಿರುಗಿ ನೋಡಲಿಲ್ಲ. ದಾರಿಯುದ್ದಕ್ಕೂ ಅವರ ಕಣ್ಣ ಮುಂದೆ ಇದ್ದದ್ದು ತಂಗಿಯ ಮುಖ.

ಪುಷ್ಪಲತಾ ಬಿಡುವವಳಲ್ಲ. ಡ್ಯೂಟಿ ಮುಗಿಸಿ ಸಂಜೆ ಸಾಬರ ಮನೆಗೇ ಬಂದಳು. ಮೆಹರ್ ಬಾನು ಗೋಡೆಗೆ ಒರಗಿ ಕೂತಿದ್ದರು.

“ಬಾರವ್ವಾ, ಕೂಡು. ನಿಮ್ ಚಾಚಾ ಬೆಳಗಿಂದ ಒಂದ್ ಮಾತೂ ಆಡಿಲ್ಲ. ಏನಂದೆ ನೀನು?”

“ನಿಜ ಅಂದೆ ಚಾಚಿ, ಅದಕ್ಕೇ ಸಿಟ್ಟು” ಎಂದು ನಗುತ್ತಾ ಕೂತಳು ಪುಷ್ಪಲತಾ.

ಸಾಬರು ಒಳಗಿನಿಂದಲೇ ಗುಡುಗಿದರು. “ನನ್ ತಂಗಿ ಹಸಿ ಹಾಲು ಕುಡಿದು ಹೋದ್ಲು. ಅವತ್ತಿಂದ ನಮ್ಮಮ್ಮ ಉಕ್ಕಿಸ್ದೆ ಯಾರಿಗೂ ಹಾಲು ಕೊಡ್ಲಿಲ್ಲ. ಅದು ನಿಂಗೆ ಗೊತ್ತೇನು?”

ಪುಷ್ಪಲತಾಳ ನಗು ನಿಂತಿತು. ಆ ಸಂಗತಿ ಅವಳಿಗೆ ಗೊತ್ತಿರಲಿಲ್ಲ. ಮೆತ್ತಗೆ ಹೇಳಿದಳು. “ಗೊತ್ತಿರ್ಲಿಲ್ಲ ಚಾಚಾ. ನಿಮ್ಮಮ್ಮ ಮಾಡಿದ್ದು ಸರಿನೇ. ಕರೆದು ತಂದ ಹಾಲು, ಕ್ಯಾನಿನ ಹಾಲು, ಇವನ್ನ ಕುದಿಸ್ಲೇಬೇಕು. ನಮ್ ಮನ್ಯಾಗೂ ಕುದಿಸ್ತೀವಿ. ಆದ್ರೆ ಇದು ಹಸಿ ಹಾಲಲ್ಲ. ಡೇರ್ಯಾಗೇ ಒಂದ್ಸಲ ಉರಿ ಕಂಡು ಬಂದೈತೆ.”

“ಉರಿ ಕಂಡೈತಾ?” ಸಾಬರು ಹೊಸಿಲ ಬಳಿಗೆ ಬಂದರು.

“ಹೌದು. ಡೇರ್ಯಾಗೆ ಹಾಲನ್ನ ಒಂದು ಅಳತೆಯ ಕಾವಿಗೆ ಕಾಯಿಸಿ ತಟ್ಟನೆ ತಣ್ಣಗೆ ಮಾಡ್ತಾರೆ. ಅದಕ್ಕೆ ಪಾಶ್ಚರೀಕರಣ ಅಂತಾರೆ. ರೋಗ ತರೋ ಕ್ರಿಮಿ ಅಲ್ಲೇ ಸಾಯ್ತಾವೆ. ಹಾಲು ತಣ್ಣಗಾದ ಮ್ಯಾಲೆ, ಹೊಟ್ಟೆಗೆ ಒಳ್ಳೇದು ಮಾಡೋ ಬ್ಯಾಕ್ಟೀರಿಯಾನ ಆರಿಸಿ ಅದ್ರಾಗೆ ಬಿಡ್ತಾರೆ. ಅವಕ್ಕೇ ಪ್ರೊಬಯಾಟಿಕ್ ಅನ್ನೋದು. ಉರಿ ಮೊದ್ಲು, ಜೀವ ಆಮ್ಯಾಲೆ. ನೀವು ಜೀವ ಬಿಟ್ಟ ಮ್ಯಾಲೆ ಮತ್ತೆ ಉರಿಗಿಟ್ರಿ.”

“ಕ್ರಿಮಿಯಾಗೆ ಒಳ್ಳೇದು ಕೆಟ್ಟದ್ದು ಅಂತ ಇರ್ತಾವಾ? ಕ್ರಿಮಿ ಅಂದ್ರೆ ಕ್ರಿಮಿ.”

“ಮನುಷ್ಯರಾಗೆ ಇಲ್ವಾ ಚಾಚಾ, ಹಂಗೇ. ನಮ್ ಹೊಟ್ಟ್ಯಾಗೆ ಮೊದ್ಲಿಂದ್ಲೂ ಲೆಕ್ಕ ಇಲ್ಲದಷ್ಟು ಒಳ್ಳೇವು ಇರ್ತಾವೆ. ಉಂಡಿದ್ದು ಅರಗೋಕೆ ಅವು ಬೇಕು. ಚಾಚಿ ಕಾಲಿಗೆ ಕೊಟ್ಟ ಗುಳಿಗೆ ಕೀವಿನ ಕ್ರಿಮಿ ಕೊಂದಾಕ್ತು. ಜತಿಗೆ ಹೊಟ್ಟ್ಯಾಗಿರೋ ಒಳ್ಳೇವನ್ನೂ ಕೊಂದಾಕ್ತು. ಅದಕ್ಕೇ ಹೊಟ್ಟೆ ಹಿಂಗಾಗಿರೋದು.”

ಇಷ್ಟು ಹೊತ್ತು ಸುಮ್ಮನೆ ಕೇಳುತ್ತಿದ್ದ ಮೆಹರ್ ಬಾನು ಗೋಡೆ ಬಿಟ್ಟು ನೆಟ್ಟಗೆ ಕೂತರು. “ತಡಿ ತಡಿ. ಇದು ನಮ್ ಹೆಪ್ಪಿನಂಗೇ ಅಲ್ವೇನೇ? ಹೆಪ್ಪಿನಾಗೂ ಜೀವ ಇರ್ತೈತೆ, ಅದಕ್ಕೇ ಹಾಲು ಮೊಸರಾಗ್ತೈತೆ. ಕುದಿಯೋ ಹಾಲಿಗೆ ಯಾರಾದ್ರೂ ಹೆಪ್ಪು ಹಾಕ್ತಾರಾ? ಬೆರಳು ಅದ್ದಿ ನೋಡಿ, ಉಗುರುಬೆಚ್ಚಗೆ ಆದ ಮ್ಯಾಲೇ ಹಾಕೋದು.”

“ಸಿಕ್ತು ನೋಡ್ರಿ!” ಎಂದು ಪುಷ್ಪಲತಾ ಚಪ್ಪಾಳೆ ತಟ್ಟಿದಳು. “ಇಷ್ಟೇ ಚಾಚಿ. ನಾನು ಹೇಳೋಕೆ ಬಂದಿದ್ದು ಇಷ್ಟೇ.”

ಸಾಬರು ಅಷ್ಟು ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ. ಹೆಪ್ಪು ಹಾಕಿ ಅವರಿಗೇನು ಗೊತ್ತು? ಮೊಸರು ತಿಂದಷ್ಟೇ ಗೊತ್ತು. “ನೀವಿಬ್ರೂ ಒಂದಾಗ್ಬಿಟ್ರಿ. ನನ್ ಕಣ್ಣಿಗೆ ತೋರಿಸ್ರಿ, ಆಗ ಒಪ್ತೀನಿ” ಎಂದರು.

“ತೋರಿಸಿದ್ರಾತು” ಎಂದು ಮೆಹರ್ ಬಾನು ಗೋಡೆ ಹಿಡಿದು ಎದ್ದರು. ಎರಡು ಬಟ್ಟಲು ತೆಗೆದರು. ಮಾಮೂಲಿ ಹಾಲು ಕಾಯಿಸಿ ಆರಿಸಿ ಎರಡಕ್ಕೂ ಹಾಕಿ, ಎರಡಕ್ಕೂ ಒಂದೇ ಮೊಸರಿನಿಂದ ಚೂರು ಚೂರು ಹೆಪ್ಪು ಹಾಕಿದರು. ಒಂದನ್ನು ಹಾಗೇ ಮುಚ್ಚಿಟ್ಟರು. ಇನ್ನೊಂದನ್ನು ಗಂಡನ ಕೈಗೆ ಕೊಟ್ಟು, “ನಿಮಗೆ ಉರಿ ಅಂದ್ರೆ ಪ್ರೀತಿ ಅಲ್ವಾ, ಇದನ್ನ ಚೆನ್ನಾಗಿ ಕುದಿಸ್ರಿ” ಎಂದರು. ಸಾಬರು ಅದನ್ನು ಪಾತ್ರೆಗೆ ಸುರುವಿ, ಮನಸ್ಸು ತೃಪ್ತಿಯಾಗುವವರೆಗೆ ಕುದಿಸಿ, ಬಟ್ಟಲು ತೊಳೆದು ಮತ್ತೆ ಅದಕ್ಕೇ ಬಗ್ಗಿಸಿ ಮುಚ್ಚಿಟ್ಟರು.

ಬೆಳಿಗ್ಗೆ ಪುಷ್ಪಲತಾ ಬರುವ ಮೊದಲೇ ಸಾಬರು ಮುಚ್ಚಳ ತೆಗೆದು ನೋಡಿಯಾಗಿತ್ತು. ಒಂದು ಬಟ್ಟಲಲ್ಲಿ ಗಟ್ಟಿ ಮೊಸರು, ಓರೆ ಮಾಡಿದರೂ ಜಾರದಷ್ಟು. ಕುದಿಸಿದ ಬಟ್ಟಲಲ್ಲಿ ನೀರು ನೀರಾದ ಹಾಲು ಹಾಗೇ ಅಲುಗಾಡುತ್ತಿತ್ತು.

ಸಾಬರು ಬಹಳ ಹೊತ್ತು ಅದನ್ನೇ ನೋಡಿದರು. ತಾನು ದಿನಾ ಟವೆಲ್ ಸುತ್ತಿ ತಂದುಕೊಟ್ಟದ್ದು ಇಂಥದ್ದೇ ಹಾಲು ಎಂದು ಹೊಳೆದು ಅವರಿಗೆ ದುಃಖವಾಯಿತು. “ನಾನೇ ಅಲ್ಲೇನೇ ನಿನ್ನನ್ನ ಇಷ್ಟು ದಿನ ಕಾಯಿಸಿದ್ದು?” ಎಂದು ಹೆಂಡತಿಯನ್ನು ಕೇಳಿದರು.

“ಹಾಲು ಕಾಯಿಸಿದ್ರಿ, ನನ್ನನ್ನೂ ಕಾಯಿಸಿದ್ರಿ. ಆತು ಬಿಡ್ರಿ, ಹೋಗಿ ಹೊಸ ಪಾಕೀಟು ತರ್ರಿ” ಎಂದರು ಮೆಹರ್ ಬಾನು.

ಈ ಸಲ ಸಾಬರು ಕನ್ನಡಕ ಹಾಕಿಕೊಂಡೇ ಹೋದರು. ಪಾಕೀಟು ತಿರುಗಿಸಿ ಓದಿದರು. ಕುದಿಸಬೇಡಿ, ತಂಪಾಗಿಡಿ, ಇಂಥ ದಿನದೊಳಗೆ ಬಳಸಿ ಎಂದೆಲ್ಲ ಅಲ್ಲೇ ಬರೆದಿತ್ತು. ಮಾಲತೇಶಪ್ಪ ಮೀಸೆಯಡಿಯಲ್ಲಿ ನಕ್ಕ. ಭಟ್ಟಿಯ ಕಡೆ ತಿರುಗದೆ ಸಾಬರು ನೇರ ಮನೆಗೆ ಬಂದರು. ಪಾಕೀಟು ಕತ್ತರಿಸಿ ಲೋಟಕ್ಕೆ ಅರ್ಧ ಬಗ್ಗಿಸಿದರು. ಅಲ್ಲಿಗೆ ಕೈ ನಿಂತಿತು. ಬುದ್ಧಿ ಒಪ್ಪಿದರೂ ಜೀವ ಒಪ್ಪಬೇಕಲ್ಲ! ಕುದಿಸದ ಹಾಲು, ತಣ್ಣಗಿನ ಲೋಟ, ಎದುರಿಗೆ ಬಡಕಲಾದ ಹೆಂಡತಿ. ಏನಾದರೂ ಹೆಚ್ಚುಕಡಿಮೆಯಾದರೆ?

“ನೋಡ್ರಿ, ನನಗೆ ಹರಿಹರಕ್ಕೆ ಹೋಗೋದೈತೆ. ಕೊಡ್ರಿ ಇತ್ತ” ಎಂದು ಮೆಹರ್ ಬಾನು ತಾವೇ ಲೋಟ ಕಸಿದುಕೊಂಡು ಕುಡಿದರು.

ಆ ದಿನ ಸಾಬರು ಕೆಲಸಕ್ಕೆ ಹೋಗಲಿಲ್ಲ. ಹೆಂಡತಿ ಕೆಮ್ಮಿದರೂ ಎದ್ದು ಬರುವರು, ಮಗ್ಗುಲಾದರೂ ಎದ್ದು ಬರುವರು. “ನನಗೇನಾಗಿಲ್ಲ, ನೀವೇ ಕಾಯಿಲೆ ಬೀಳ್ತೀರಿ, ಹೋಗ್ರಿ ಅತ್ಲಾಗೆ” ಎಂದು ಬೈಸಿಕೊಂಡ ಮೇಲೆಯೇ ಅವರಿಗೆ ಉಸಿರು ಬಂದದ್ದು.

ಮಂತ್ರ ಹಾಕಿದ ಹಾಗೆ ಮರುದಿನವೇ ಎಲ್ಲ ಸರಿಹೋಯಿತು ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಮೆಲ್ಲಗೆ ಸರಿಹೋಯಿತು. ಮೊದಲು ಗುಡುಗುಡು ಕಡಿಮೆಯಾಯಿತು. ಆಮೇಲೆ ಉಂಡ ಗಂಜಿ ನಿಂತಿತು. ಒಂದು ದಿನ ಅವರೇ ಬಾಯಿಬಿಟ್ಟು, “ಒಂದಿಷ್ಟು ಮಂಡಕ್ಕಿ ಒಗ್ಗರಣೆ ತಿನ್ಲಾ?” ಎಂದು ಕೇಳಿದರು. ಆ ಮಾತು ಕೇಳಿ ಸಾಬರ ಕಣ್ಣು ಒದ್ದೆಯಾಯಿತು. ಡಾಕ್ಟರನ್ನು ಕೇಳಿದಾಗ ಅವರು, “ಇದು ಹಾಲೊಂದರ ಕೆಲಸವಲ್ಲ. ಓಆರ್‌ಎಸ್, ಊಟ, ವಿಶ್ರಾಂತಿ, ದಿನ ಕಳೆದದ್ದು, ಎಲ್ಲ ಸೇರಿದೆ. ಹಾಲೂ ಕೈಜೋಡಿಸಿರಬಹುದು” ಎಂದರು.

“ಹಂಗಾದ್ರೆ ಮನೆ ಮೊಸರೇ ಸಾಕಾಗ್ತಿತ್ತಲ್ಲ ತಾಯಿ?” ಎಂದು ಸಾಬರು ಪುಷ್ಪಲತಾಳನ್ನು ಕೇಳಿದರು. ಈಗ ಅವರಿಗೆ ಎಲ್ಲವನ್ನೂ ತಿಳಿಯುವ ಹುಮ್ಮಸ್ಸು.

“ಮೊಸರೂ ಒಳ್ಳೇದೇ ಚಾಚಾ, ದಿನಾ ಉಣ್ರಿ. ಈ ಹಾಲು ಕೊಳ್ಳೋಕೆ ಆಗ್ದಿದ್ರೆ ಕೊರಗೋದೇನೂ ಬ್ಯಾಡ. ಆದ್ರೆ ಮನೆ ಹೆಪ್ಪಿನಾಗೆ ಯಾವ ಬ್ಯಾಕ್ಟೀರಿಯ ಎಷ್ಟು ಅದಾವೆ ಅಂತ ನಮಗೆ ಗೊತ್ತಾಗಲ್ಲ. ಈ ಹಾಲಿನಾಗೆ, ಹೊಟ್ಟೆ ತನಕ ಬದುಕಿ ಹೋಗೋವನ್ನ ಆರಿಸಿ ಹಾಕಿರ್ತಾರೆ. ಅಷ್ಟೇ ವ್ಯತ್ಯಾಸ” ಎಂದಳು.

ಕೊನೆಗೆ ಆ ದಿನ ಬಂತು. ಮೆಹರ್ ಬಾನು ಹೊಸ ಸೀರೆ ಉಟ್ಟು, ಗಂಡನ ಜೊತೆ ಹರಿಹರದ ಬಸ್ಸು ಹತ್ತಿದರು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಕಡಲೆಕಾಯಿ ತಿಂದರು. ನುಜತ್ ಬಾಗಿಲಲ್ಲೇ ಕಾಯುತ್ತಿದ್ದಳು. ತಾಯಿ ತನ್ನ ಕಾಲ ಮೇಲೆ ತಾನು ನಡೆದು ಬರುವುದನ್ನು ಕಂಡು, ಹೊಟ್ಟೆಯ ಭಾರವನ್ನೂ ಮರೆತು ಎದುರು ಬಂದಳು. “ಅಮ್ಮಿ, ನೀನೇ ಬಂದೀಯಲ್ಲ!” ಎಂದು ತಬ್ಬಿಕೊಂಡಳು. ತಾಯಿ ಮಗಳು ಇಬ್ಬರೂ ಅತ್ತರು. ಹಯಾತ್ ಸಾಬರು ಈ ಸಲವೂ ದೂರ ಸರಿಯಲಿಲ್ಲ, ಪಕ್ಕದಲ್ಲೇ ನಿಂತರು.

ಮಗಳನ್ನು ಕರೆತಂದರು, ಬಾಣಂತನ ದಾವಣಗೆರೆಯಲ್ಲೇ ಆಯಿತು. ನುಜತ್‌ಗೆ ಹೆಣ್ಣು ಮಗು. ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಸಾಬರು ಏನು ಮಾಡಿದರು ಗೊತ್ತೇ? ಅಂಗಡಿಗೆ ಓಡಿ, ಪ್ರೊಬಯಾಟಿಕ್ ಹಾಲಿನ ಪಾಕೀಟು ಹಿಡಿದು ತೊಟ್ಟಿಲ ಮುಂದೆ ಬಂದು ನಿಂತರು.

“ಕೂಸಿಗೆ ಒಂದೇ ಒಂದ್ ಚಮಚ. ಕುದಿಸಿಲ್ಲ, ನೋಡು, ತಣ್ಣಗೈತೆ!” ಎಂದರು, ದೊಡ್ಡ ಪಂಡಿತರ ಹಾಗೆ.

“ಮುಟ್ಟಿಸೀರಿ ಮತ್ತೆ!” ಎಂದು ಮೆಹರ್ ಬಾನು ಎಣ್ಣೆ ಕೈಯಲ್ಲೇ ಎದ್ದು ಬಂದರು. “ಆರು ತಿಂಗಳ ತನಕ ಕೂಸಿಗೆ ತಾಯಿ ಹಾಲೊಂದೇ. ನೀರೂ ಬ್ಯಾಡ. ಪುಷ್ಪಾ ಹೇಳಿಲ್ವಾ? ಯಾವ ಹಾಲು ಯಾರಿಗೆ ಅಂತ ಮೊದ್ಲು ತಿಳ್ಕಳ್ರಿ!”

ತೊಟ್ಟಿಲಲ್ಲಿ ಮಗು ಆಕಳಿಸಿತು. ಸಾಬರು ಪಾಕೀಟನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. ಹೆಂಡತಿಯ ದನಿಯಲ್ಲಿ ಮೊದಲಿನ ಜೋರು ಮರಳಿ ಬಂದಿತ್ತು. ಬೈಸಿಕೊಂಡೂ ಅವರಿಗೆ ಹಬ್ಬವಾಯಿತು.

ಈ ಕಥೆ ಓದಿದ, ಕೇಳಿದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಮ್ಮ ಮನೆಗಳಲ್ಲೂ ಒಬ್ಬೊಬ್ಬ ಹಯಾತ್ ಸಾಬರಿದ್ದಾರೆ. ಪ್ರೀತಿಯಿಂದಲೇ ತಪ್ಪು ಮಾಡುತ್ತಾರೆ. ಅವರನ್ನು ನೋಡಿ ನಗಬೇಡಿ, ಕೂರಿಸಿಕೊಂಡು ಹೇಳಿ. ಕರೆದು ತಂದ ಹಾಲನ್ನು, ಕ್ಯಾನಿನ ಹಾಲನ್ನು ಕುದಿಸದೆ ಯಾರಿಗೂ ಕೊಡಬೇಡಿ. ಪ್ರೊಬಯಾಟಿಕ್ ಎಂದು ಬರೆದ ಪಾಶ್ಚರೀಕರಿಸಿದ ಹಾಲನ್ನು ಕುದಿಸಬೇಡಿ. ಅಂಗಡಿಯಲ್ಲಿ ಬಿಸಿಲಿಗಿಟ್ಟ ಪಾಕೀಟು ಕೊಳ್ಳಬೇಡಿ. ತಂಪಾಗಿದ್ದದ್ದನ್ನೇ ಕೇಳಿ ತನ್ನಿ, ಮನೆಯಲ್ಲೂ ತಂಪಾಗಿಡಿ, ಒಡೆದ ಮೇಲೆ ಬೇಗ ಮುಗಿಸಿ. ಅದು ಔಷಧಿಯಲ್ಲ ಎಂಬುದೂ ನೆನಪಿರಲಿ. ಭೇದಿ ನಿಲ್ಲದಿದ್ದರೆ, ಜ್ವರ ಬಂದರೆ, ರಕ್ತ ಕಂಡರೆ ತಡ ಮಾಡದೆ ಡಾಕ್ಟರ ಬಳಿಗೆ ಹೋಗಿ. ಡಾಕ್ಟರು ಕೊಟ್ಟ ಗುಳಿಗೆಯನ್ನು ನಿಮ್ಮಷ್ಟಕ್ಕೆ ನೀವೇ ಅರ್ಧಕ್ಕೆ ಬಿಡಬೇಡಿ. ಹಾಲು ಮೈಗೆ ಆಗದವರು, ದೊಡ್ಡ ಕಾಯಿಲೆಯಿಂದ ಸೊರಗಿದವರು ಕೇಳಿಯೇ ಕುಡಿಯಿರಿ.

ಇಷ್ಟೆಲ್ಲ ನೆನಪಿರದಿದ್ದರೂ ಚಿಂತೆಯಿಲ್ಲ. ನಾಳೆ ಬೆಳಿಗ್ಗೆ ಹಾಲಿನ ಪಾಕೀಟು ಕೈಗೆ ಬಂದಾಗ, ಒಲೆ ಹಚ್ಚುವ ಮೊದಲು ಅದನ್ನೊಮ್ಮೆ ತಿರುಗಿಸಿ ಓದಿ. ಓದಲು ಬಾರದಿದ್ದರೆ ಪಕ್ಕದ ಮನೆಯವರಿಗೆ ತೋರಿಸಿ ಕೇಳಿ.